ದೋಣಿಯ ಎಡಗಡೆಯ ಮೊಣಕೈ

ಎಲ್ಲಕ್ಕೂ ಕಾರಣ ಒಂದು ಚೀಟಿ. ಅದೂ ಬಸ್ ಟಿಕೆಟ್ ಹರಿದು ಮಾಡಿದ ಚೀಟಿ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನನ್ನು ಬೀದಿಯವರೆಲ್ಲ ಕನ್ನಡಕದಣ್ಣ ಎನ್ನುತ್ತಿದ್ದರು. ಅವನು, ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂರುವ ಗೆಳೆಯ ಮತ್ತು ಚಿತ್ರಕಲೆ ಕಲಿಸುವ ಮೇಷ್ಟ್ರು ಸೇರಿ ವಾರಕ್ಕೊಮ್ಮೆ ಸಿನಿಮಾ ಬಗ್ಗೆ ಜಗಳವಾಡಿ, ಅದನ್ನು ಪಾಡ್‌ಕಾಸ್ಟ್ ಎಂದು ಲೋಕಕ್ಕೆ ಬಿಡುತ್ತಿದ್ದರು. ಮೇಷ್ಟ್ರ ಮನೆಯ ಸಾಮಾನಿನ ಕೋಣೆಯೇ ಸ್ಟುಡಿಯೊ. ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಕಲೆಯ ಬಗ್ಗೆ ಮಾತಾಡುವುದು. ಕೇಳುಗರು ಇನ್ನೂರ ಹನ್ನೆರಡು ಮಂದಿ. ಇನ್ನೂರು ಮಂದಿ ಅದೇ ಬೀದಿಯವರು, ಉಳಿದ ಹನ್ನೆರಡು ಮಂದಿ ಆ ಬೀದಿಯಿಂದ ಮನೆ ಬದಲಾಯಿಸಿದವರು.

ಮೊದಮೊದಲು ಮೂವರಿಗೂ ಒಂದೇ ಸಿನಿಮಾ ಇಷ್ಟವಾಗುತ್ತಿತ್ತು, ಕೇಳುವವರು ಆಕಳಿಸುತ್ತಿದ್ದರು. ಆಗ ಬ್ಯಾಂಕಿನವ ಒಂದು ಉಪಾಯ ಹೂಡಿದ. ರೆಕಾರ್ಡಿಂಗಿಗೆ ಮುಂಚೆ ಮೂರು ಚೀಟಿ ಎತ್ತುವುದು: ಒಬ್ಬ ಹೊಗಳಬೇಕು, ಒಬ್ಬ ತೆಗಳಬೇಕು, ಇನ್ನೊಬ್ಬ "ಇರಬಹುದು, ಇರಬಹುದು" ಎನ್ನುತ್ತ ಕೂರಬೇಕು. ಸ್ವಂತ ಅಭಿಪ್ರಾಯವನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಬಿಟ್ಟು ಬರತಕ್ಕದ್ದು. ಅಂದಿನಿಂದ ಮೂವರೂ ದೊಡ್ಡ ವಿಮರ್ಶಕರೆಂದು ಹೆಸರಾದರು.

ಈ ವಾರ ನಲವತ್ತೈದು ವರ್ಷ ಹಳೆಯ, ದೋಣಿಯವನ ಕತೆಯ ಸಿನಿಮಾ. ಕನ್ನಡಕದಣ್ಣ ಅದನ್ನು ನೋಡಿ ಎರಡು ಕರ್ಚೀಫು ಒದ್ದೆ ಮಾಡಿಕೊಂಡಿದ್ದ. ಚೀಟಿ ಬಿಡಿಸಿದರೆ 'ತೆಗಳು' ಎಂದಿತ್ತು. ಪಾಪ, ತೆಗಳಿದ. ಮೇಷ್ಟ್ರು ಹೊಗಳಿದಷ್ಟೂ ಇವನಿಗೆ ಹುರುಪೇರಿತು. ಕೊನೆಗೆ, "ದೋಣಿ ಹೊರಡೋ ದೃಶ್ಯ ನೋಡಿ ಸ್ವಾಮಿ, ಎಡಗಡೆಯಿಂದ ಯಾವನದೋ ಮೊಣಕೈ ತೂರ್ಕೊಂಡು ಬಂದಿದೆ! ಅದನ್ನ ನೋಡೋಕೂ ಪುರುಸೊತ್ತಿಲ್ಲದ ನಿರ್ದೇಶಕ ಇವನು!" ಎಂದು ಗುಡುಗಿದ.

ಮರುದಿನ ಬೆಳಗ್ಗೆ ಹೆಂಡತಿ ಅವನ ಹೊದಿಕೆ ಕಿತ್ತಳು. ಅವಳ ಒಂದು ಕಿವಿಯಲ್ಲಿ ಇಯರ್‌ಫೋನ್ ನೇತಾಡುತ್ತಿತ್ತು.

"ರೀ, ಆ ಮೊಣಕೈ ಯಾರ್ದು ಗೊತ್ತಾ?"

"ಯಾವ ಮೊಣಕೈ?"

"ನಮ್ಮಪ್ಪಂದು!"

ಕನ್ನಡಕದಣ್ಣನ ನಿದ್ದೆ ಹಾರಿಹೋಯಿತು. ಮಾವ ಹರೆಯದಲ್ಲಿ ಯಾವುದೋ ಸಿನಿಮಾದಲ್ಲಿ ಮುಖ ತೋರಿಸಿದ್ದರೆಂದು ಕೇಳಿದ್ದ. ಅದು ಮುಖವಲ್ಲ, ಮೊಣಕೈ ಎಂದು ಯಾರೂ ಹೇಳಿರಲಿಲ್ಲ. ಹೇಳುವಷ್ಟು ಸಲಿಗೆಯಾದರೂ ಎಲ್ಲಿತ್ತು? ಮೊದಲ ಭೇಟಿಯಲ್ಲೇ ಮಾವನ ಕನ್ನಡಕ ದಿಟ್ಟಿಸಿ, "ಇದು ನಿಮ್ಮ ನಂಬರಲ್ಲ" ಎಂದುಬಿಟ್ಟಿದ್ದ. ಅಂದು ಗಂಟಿಕ್ಕಿದ ಮುಖ ಆರು ವರ್ಷವಾದರೂ ಬಿಚ್ಚಿಕೊಂಡಿರಲಿಲ್ಲ. ಅವರು ಇವನನ್ನು ಕರೆಯುತ್ತಿದ್ದುದೇ "ಕನ್ನಡಕದವರೇ" ಎಂದು. ಒಂದೇ ಒಂದು ಸಲ ಬಾಯ್ತುಂಬ "ಅಳಿಯಂದಿರೇ" ಅನ್ನಲಿ ಎಂದು ಇವನ ಜೀವ ಹಂಬಲಿಸುತ್ತಿತ್ತು.

"ಆ ಸಿನಿಮಾ ಟೀವಿಲಿ ಬಂದ್ರೆ ಅಪ್ಪ ನೋಡೋಕಾಗದೆ ಎದ್ದು ಹೊರಗೆ ಹೋಗ್ತಾರೆ, ಅಷ್ಟು ಕರಗಿಹೋಗ್ತಾರೆ! ಈಗ ಫೋನ್ ಮಾಡಿದ್ರು. ಕೇಳಿದ್ದಾರಂತೆ. 'ಸಂಜೆ ಆರಕ್ಕೆ ಬರ್ತೀನಿ, ಅವರು ಮನೇಲಿರ್ಲಿ' ಅಂತ ಇಟ್ಬಿಟ್ರು."

ಬೇರೆ ದಾರಿ ಕಾಣದೆ ಅವನು ಚೀಟಿಯ ಗುಟ್ಟನ್ನು ಹೇಳಿಯೇಬಿಟ್ಟ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಅಂದ್ರೆ ಹೋದ ತಿಂಗಳು ನನ್ನ ಇಷ್ಟದ ಸಿನಿಮಾನ ಬಾಯ್ತುಂಬ ಹೊಗಳಿದ್ರಲ್ಲ, ಅದೂ ಚೀಟಿನೇನಾ?"

ಇನ್ನು ಅಲ್ಲಿ ನಿಲ್ಲುವುದು ಕ್ಷೇಮವಲ್ಲವೆಂದು ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಿದ್ದ. ಮೆಟ್ಟಿಲಲ್ಲಿ ಮೇಲ್ಮನೆಯ ಅಜ್ಜಿ ಕಾದಿದ್ದಳು. ಬೀದಿಯ ಸಮಾಚಾರವೆಲ್ಲ ಅವಳ ಜರಡಿಯಲ್ಲಿ ಇಳಿದೇ ಮುಂದೆ ಹೋಗಬೇಕು.

"ಏನಪ್ಪಾ, ಮಾವನ ಕೈ ಮುರಿದ್ಯಂತೆ?"

"ಮುರಿದಿಲ್ಲ ಅಜ್ಜಿ, ಬೈದೆ ಅಷ್ಟೆ."

"ಎರಡೂ ಒಂದೇ. ನಮ್ಮೆಜಮಾನ್ರು ಆ ಸಿನಿಮಾ ನೋಡ್ತಾ ಅತ್ತಿದ್ರು, ಅದನ್ನ ನೋಡಿ ನಾನು ಮದುವೆಗೆ ಒಪ್ಪಿದ್ದು. ಈಗ ನೀನು ಅದು ಕೆಟ್ಟ ಸಿನಿಮಾ ಅಂದ್ರೆ ನನ್ನ ಐವತ್ತು... ಅಲ್ಲ, ನಲವತ್ತೈದು ವರ್ಷದ ಸಂಸಾರ ಏನಾಗ್ಬೇಕು?"

ಅಂಗಡಿ ತಲುಪುವಷ್ಟರಲ್ಲಿ ಮೊಣಕೈಯ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಕಣ್ಣು ತೋರಿಸಲು ಬಂದಿದ್ದ ಗಿರಾಕಿಯೊಬ್ಬರು ಕುರ್ಚಿಯಿಂದ ಎದ್ದೇ ನಿಂತರು.

"ಅಷ್ಟು ಒಳ್ಳೆ ಸಿನಿಮಾನೇ ಕಾಣದವರು ಉಜ್ಜಿದ ಗಾಜು ನಾನು ಹಾಕ್ಕೊಳ್ಳೋದಾ? ಬೇಡಪ್ಪ, ಮಬ್ಬಾಗಿದ್ರೂ ಇದೇ ಇರ್ಲಿ."

ಅಂಗಡಿಯ ಯಜಮಾನರು ಅವನನ್ನು ಒಳಗೆ ಕರೆದರು. "ನೋಡಪ್ಪಾ, ನಾವು ವ್ಯಾಪಾರ ಮಾಡೋದೇ ಕಣ್ಣಲ್ಲಿ. ನಿನ್ನ ಕಣ್ಣಿನ ಮೇಲೇ ಜನಕ್ಕೆ ನಂಬಿಕೆ ಹೋದ್ರೆ ಹೇಗೆ? ಸಂಜೆಯೊಳಗೆ ಕ್ಷಮೆ ಕೇಳಿಬಿಡು."

ಆ ಗಾಬರಿಯಲ್ಲಿ ಅವನು ಒಬ್ಬರ ಬಲಗಣ್ಣಿನ ಗಾಜನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಕೂರಿಸಿದ. ಹಾಕಿಕೊಂಡವರು ಬಾಗಿಲೆಂದು ಕನ್ನಡಿಗೆ ಢಿಕ್ಕಿ ಹೊಡೆದರು. ಯಜಮಾನರು ಗಡಿಯಾರ ತೋರಿಸಿದರು.

ಮಧ್ಯಾಹ್ನ ಗೆಳೆಯರಿಬ್ಬರೂ ಬಂದರು. ಬ್ಯಾಂಕಿನವನ ಮುಖ ಅರಳಿತ್ತು.

"ಲೋ, ಕೇಳುಗರು ನಾನೂರು ದಾಟಿದ್ದಾರೆ! ಕ್ಷಮೆ ಗಿಮೆ ಬೇಡ, ಮುಂದಿನ ವಾರ ಮೊಣಕಾಲಿಗೂ ಬೈಯಿ."

"ನೀನು ಸುಮ್ನಿರೋ," ಎಂದು ಮೇಷ್ಟ್ರು ಗದರಿದರು. "ಇವನ ಸಂಸಾರದ ಪ್ರಶ್ನೆ. ನೀನು ಮನಸಲ್ಲಿರೋದನ್ನ ಹೇಳ್ಬಿಡಪ್ಪ. ನಾನು ಆ ಸಿನಿಮಾ ನೋಡ್ತಾ ಅರ್ಧಕ್ಕೇ ನಿದ್ದೆ ಹೋಗಿದ್ದೆ, ಆದ್ರೂ ಮುಕ್ಕಾಲು ಗಂಟೆ ಹೊಗಳ್ಲಿಲ್ವಾ? ನಿಂಗೆ ನಿಜವಾಗ್ಲೂ ಇಷ್ಟ ಆಗಿದೆ, ನಿಂಗೇನು ಕಷ್ಟ?"

ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಯಲ್ಲಿ ಮೂವರೂ ಕೂತರು. ಗೋಡೆಯ ಮೇಲೆ ಅಕ್ಷರಗಳು ದೊಡ್ಡದರಿಂದ ಚಿಕ್ಕದಾಗುತ್ತ ಇಳಿದಿದ್ದವು. ಪಾಡ್‌ಕಾಸ್ಟಿಗೆ ಚೀಟಿ ಬಂದಮೇಲೆ ಮೊದಲ ಸಲ ಒಬ್ಬ ಅದಿಲ್ಲದೆ ಮಾತಾಡಿದ. ಕನ್ನಡಕದಣ್ಣ ರೆಕಾರ್ಡ್ ಆಗುತ್ತಿದ್ದ ಫೋನಿನತ್ತ ಬಾಗಿ ಹೇಳಿದ.

"ಆ ಮೊಣಕೈ ತಪ್ಪಲ್ಲ, ಅದೇ ಆ ಸಿನಿಮಾದ ಪ್ರಾಣ. ಆ ಮನುಷ್ಯನ ಮುಖ ತೋರಿಸಿದ್ರೆ ದೃಶ್ಯ ಕೆಟ್ಟುಹೋಗ್ತಿತ್ತು. ಅವನು ಒಂದು ಮಾತಾಡಿದ್ರೂ ಎಲ್ಲಾ ಹಾಳಾಗ್ತಿತ್ತು. ಮೊಣಕೈಯಷ್ಟನ್ನೇ ಉಳಿಸಿ ಮಿಕ್ಕಿದ್ದನ್ನ ಬಿಟ್ಟರಲ್ಲ, ಆ ನಿರ್ದೇಶಕರ ಕತ್ತರಿಗೆ ನಾನು ಕೈ ಮುಗೀತೀನಿ!"

ಮೇಷ್ಟ್ರು ಕಣ್ಣೊರೆಸಿಕೊಂಡರು. ಐದೂವರೆಗೆ ಅದು ಲೋಕಕ್ಕೆ ಹೋಯಿತು. ಕನ್ನಡಕದಣ್ಣ ಎದೆ ಹಗುರ ಮಾಡಿಕೊಂಡು ಮನೆಗೆ ಓಡಿದ.

ಆರಕ್ಕೆ ಸರಿಯಾಗಿ ಮಾವ ಬಂದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಳು. ಮಾವ ನೇರ ಅವನ ಬಳಿಗೆ ನಡೆದು ಬಂದು, ಎರಡೂ ಕೈ ಹಿಡಿದುಕೊಂಡರು.

"ಅಳಿಯಂದಿರೇ!"

ಕನ್ನಡಕದಣ್ಣ ಹೆಂಡತಿಯತ್ತ ನೋಡಿ ನಕ್ಕ. ಕ್ಷಮೆ ತಲುಪಿತು ಅಂದುಕೊಂಡ.

"ಬೆಳಗ್ಗೆ ನಿಮ್ಮ ಮಾತು ಕೇಳಿ ನನ್ನ ಜೀವ ತಣ್ಣಗಾಯ್ತು," ಎಂದರು ಮಾವ. "ನಲವತ್ತೈದು ವರ್ಷದಲ್ಲಿ ಆ ದರಿದ್ರ ಸಿನಿಮಾನ ಬೈದ ಗಂಡಸು ನೀವೊಬ್ರೇ."

"ಬೆಳಗ್ಗೆ...?"

"ಬೆಳಗ್ಗೆ ಕೇಳಿದವನು ಫೋನ್ ಆರಿಸಿಟ್ಟು ಬಸ್ ಹತ್ತಿದೆ. ಕೇಳಿ ಇಲ್ಲಿ. ನಂದು ನಾಲ್ಕು ನಿಮಿಷದ ಪಾತ್ರ. ದೋಣಿಯವನ ಅಣ್ಣ. ಎರಡು ಪುಟ ಮಾತು, ಒಂದು ತಿಂಗಳು ಕನ್ನಡಿ ಮುಂದೆ ನಿಂತು ಕಲಿತಿದ್ದೆ. ಥಿಯೇಟರಿಗೆ ಮನೆಮಂದಿನೆಲ್ಲ ಕರ್ಕೊಂಡು ಹೋದ್ರೆ ಬರೀ ಮೊಣಕೈ! ನಿಮ್ಮತ್ತೆ ಪಾಪ, ಅದನ್ನೇ ಗುರುತು ಹಿಡಿದು ಎಷ್ಟು ಸಂತೋಷಪಟ್ಟಳು ಅಂದ್ರೆ, ನಾನು ಬಾಯಿ ಬಿಡ್ಲಿಲ್ಲ. ಅಂದಿನಿಂದ ನೆಂಟರೆಲ್ಲ ಬಂದು ಮೊಣಕೈ ಮುಟ್ಟಿ ನೋಡ್ತಾರೆ. ಸಿನಿಮಾ ಬಂದಾಗೆಲ್ಲ ಹೊರಗೆ ಹೋಗಿ ಹಲ್ಲು ಕಡ್ಕೊಂಡು ನಿಂತಿದ್ದೀನಿ." ಅವರ ಕಣ್ಣಲ್ಲಿ ನೀರಾಡಿತು. "ನಂದೇ ತಪ್ಪು. ನಿಮ್ಮಂಥವರನ್ನ ಆರು ವರ್ಷ ದೂರ ಇಟ್ಟೆ. ಈ ಕನ್ನಡಕದ ನಂಬರೂ ಸರಿಯಿಲ್ಲ. ನೀವೇ ಬೇರೆ ಮಾಡ್ಕೊಡಿ."

ಕನ್ನಡಕದಣ್ಣನಿಗೆ ಅಳು ಬಂತು. ಆಮೇಲೆ ಕತ್ತಲೆ ಕೋಣೆಯಲ್ಲಿ ತಾನು ಆಡಿದ್ದು ನೆನಪಾಗಿ ಬೆವರು ಬಂತು.

"ಮಾವ, ಒಂದೇ ನಿಮಿಷ, ಫೋನಿನಲ್ಲಿ ಒಂದು ಅಳಿಸೋದಿತ್ತು..."

"ಫೋನ್ ಆಮೇಲೆ, ಕೂತ್ಕೊಳ್ಳಿ ಅಳಿಯಂದಿರೇ!" ಮಾವನ ಹಿಡಿತ ಮತ್ತೂ ಬಿಗಿಯಾಯಿತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೇಲ್ಮನೆಯ ಅಜ್ಜಿ ಬಂದಳು. ಅವಳ ಕೈಯಲ್ಲಿ ಫೋನು, ಮುಖದಲ್ಲಿ ಮುರಿದ ಸಂಸಾರ ಜೋಡಿಸಿಕೊಟ್ಟ ಸಂತೋಷ.

"ಸಿಟ್ಟು ಬಿಡಿ ಬೀಗ್ರೇ! ನಿಮ್ಮಳಿಯ ಏನು ಹೇಳಿದ್ದಾನೆ ಕೇಳಿ!"

ಅಜ್ಜಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನಿನ ದನಿ ಬೀದಿಗೆ ಕೇಳುವಷ್ಟಿತ್ತು. ಮುಖ ತೋರಿಸಿದ್ದರೆ ದೃಶ್ಯ ಕೆಡುತ್ತಿತ್ತು ಎಂಬಲ್ಲಿ ಮಾವನ ಒಂದು ಕೈ ಸಡಿಲವಾಯಿತು. ಒಂದು ಮಾತಾಡಿದ್ದರೂ ಹಾಳಾಗುತ್ತಿತ್ತು ಎಂಬಲ್ಲಿ ಇನ್ನೊಂದೂ ಬಿಟ್ಟಿತು. ಕತ್ತರಿಗೆ ಕೈ ಮುಗಿಯುವ ಹೊತ್ತಿಗೆ ಅವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು.

"ಅಪ್ಪಾ, ಅದು ಚೀಟಿ ಎತ್ತಿ ಹೇಳಿದ್ದು ಕಣಪ್ಪಾ, ಮನಸಿನ ಮಾತಲ್ಲ!" ಎಂದು ಹೆಂಡತಿ ಗಂಡನನ್ನು ಉಳಿಸಲು ಕೂಗಿದಳು.

ಮಾವ ತಿರುಗಿದರು. "ಯಾವುದು ಚೀಟಿ? ಇದಾ, ಬೆಳಗ್ಗೇದಾ?"

ಕನ್ನಡಕದಣ್ಣ ಬಾಯಿ ತೆರೆದ. ನಿಜ ಹೇಳಿದರೆ ಮಾವ ಹೋದರು, ಇದೇ ಚೀಟಿ ಎಂದು ಸುಳ್ಳು ಹೇಳಿದರೆ ನಾಳೆ ಬೀದಿಯೇ ಎದ್ದು ನಿಲ್ಲುತ್ತದೆ. ಎತ್ತಲು ಒಂದು ಚೀಟಿಯಾದರೂ ಇದ್ದಿದ್ದರೆ! ಅವನ ಬಾಯಿಂದ ತಾನಾಗಿಯೇ ಹೊರಟಿತು:

"ಇರಬಹುದು, ಇರಬಹುದು..."

"ಬರ್ತೀನಿ, ಕನ್ನಡಕದವರೇ," ಎಂದು ಮಾವ ಮೆಟ್ಟಿಲಿಳಿದರು.

ಅವನು ಹಿಂದೆಯೇ ಓಡಿದ. ಮೆಟ್ಟಿಲ ತಿರುವಿನಲ್ಲಿ ಅವರ ತಲೆ ಮರೆಯಾಯಿತು, ಬೆನ್ನು ಮರೆಯಾಯಿತು. ಗೋಡೆಯ ಎಡಗಡೆಯಲ್ಲಿ ಕೊನೆಗೆ ಕಂಡದ್ದು ಮೊಣಕೈಯೊಂದೇ.