ಶಿಕಾರಿಪುರದ ಕ್ಯಾಸೆಟ್, ಸೊರಬದ ಫ್ಲಾಪಿ

ಕಂಪ್ಯೂಟರ್ ಬಂದರೆ ಮನೆಯ ಗೊಂದಲ ಕಡಿಮೆಯಾಗುತ್ತದೆ ಎಂದು ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಬಹಳ ಜನರಿಗೆ ಹೇಳಿದ್ದೇನೆ. ನನ್ನ ಮಾತು ನಂಬಿದವರ ಮನೆಯಲ್ಲೆಲ್ಲ ಅಂದಿನಿಂದ ಗೊಂದಲಕ್ಕೆ ಒಳ್ಳೆಯ ಕಾಲ ಶುರುವಾಗಿದೆ. ಎರಡು ಕಂಪ್ಯೂಟರ್ ಇಟ್ಟುಕೊಂಡು ಪಾಠ ಹೇಳುತ್ತಿದ್ದ ನನ್ನನ್ನು ಊರವರು ಕಂಪ್ಯೂಟರ್ ಮೇಷ್ಟ್ರು ಅನ್ನುತ್ತಿದ್ದರು. ಇಲ್ಲಿ ಹೇಳುವುದು ಒಂದೇ ಮನೆಯ ಸಂಗತಿ. ಮಿಕ್ಕವರು ದಾರಿಯಲ್ಲಿ ಸಿಕ್ಕರೆ ಇನ್ನೂ ಮಾತಾಡಿಸುತ್ತಾರೆ, ಅದನ್ನು ಕೆಡಿಸಿಕೊಳ್ಳುವುದು ಬೇಡ.

೧. ಜಮೀನು ಪಾಲು, ಕ್ಯಾಸೆಟ್ ಜಂಟಿ

ಅಣ್ಣನದು ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ, ತಮ್ಮನದು ಸೊರಬದಲ್ಲಿ ಗೊಬ್ಬರದ ಅಂಗಡಿ. ತೀರಿಹೋದ ಅವರ ತಂದೆ ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿ ಪುರಾಣ, ಭಜನೆ, ಹಳ್ಳಿ ನಾಟಕ ಎಲ್ಲವನ್ನೂ ಹಿಡಿದಿಟ್ಟಿದ್ದರು. ಮನೆಯ ಮದುವೆ, ನಾಮಕರಣದ ವಿಡಿಯೋಗಳೂ ಸೇರಿ ನಾನೂರು ಚಿಲ್ಲರೆ ಕ್ಯಾಸೆಟ್. ಅಣ್ಣತಮ್ಮ ಪಾಲಾದಾಗ ತರಿ, ಖುಷ್ಕಿ ಜಮೀನೆಲ್ಲ ಬೆಳಿಗ್ಗೆ ಹನ್ನೊಂದರೊಳಗೆ ಇತ್ಯರ್ಥವಾಯಿತಂತೆ. ಕ್ಯಾಸೆಟ್ ಪಾಲಿಗೆ ಸಂಜೆಯಾದರೂ ಸಾಲಲಿಲ್ಲ. ಕೊನೆಗೆ ಪಂಚರು ಬೇಸತ್ತು, ಕ್ಯಾಸೆಟ್ ಅರ್ಧರ್ಧ ಎರಡು ಮನೆಯಲ್ಲಿರಲಿ, ಪಟ್ಟಿ ಮಾತ್ರ ಜಂಟಿಯಾಗಿರಲಿ, ಯಾರಿಗೆ ಯಾವುದು ಬೇಕೋ ತರಿಸಿಕೊಳ್ಳಲಿ ಎಂದು ತೀರ್ಮಾನ ಕೊಟ್ಟು ಊಟಕ್ಕೆದ್ದರು.

ಆ ಜಂಟಿ ಪಟ್ಟಿಗಾಗಿ ಮೂರು ಕಂಪ್ಯೂಟರ್ ಬಂದವು: ಅಣ್ಣನ ಮನೆಗೊಂದು, ಅಂಗಡಿಗೊಂದು, ತಮ್ಮನ ಮನೆಗೊಂದು. ಇಲ್ಲಿ ಬರೆದದ್ದು ಅಲ್ಲಿ ತಾನಾಗಿಯೇ ಕಾಣಬೇಕು ಎಂದು ಅಣ್ಣ ಅಪ್ಪಣೆ ಮಾಡಿದರು. ಅದಕ್ಕೆ ಫೋನ್ ಲೈನ್ ಮೂಲಕ ಜೋಡಿಸಬೇಕಾಗುತ್ತದೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಮೇಷ್ಟ್ರೇ, ಸೊರಬಕ್ಕೆ ಫೋನ್ ಮಾಡಿ ಕಿರುಚಿದ್ರೂ ನಾನು ಹೇಳಿದ್ದೇ ಅವನಿಗೆ ಕೇಳಿಸಲ್ಲ. ನಾನೂರು ಕ್ಯಾಸೆಟ್ ಹೆಸರು ಅವನಿಗೆ ಯಾರ್ರೀ ಕಿರುಚಿ ಹೇಳ್ತಾರೆ?" ಅಂದರು.

೨. ಲಗೇಜು

ಹಾಗಾಗಿ ಪಟ್ಟಿಯನ್ನು ಫ್ಲಾಪಿಗೆ ತುಂಬಿ ಬಸ್ಸಿನಲ್ಲಿ ಕಳಿಸುವುದೆಂದಾಯಿತು. ಅಂಗೈಯಗಲದ ಆ ಚಪ್ಪಟೆ ವಸ್ತುವನ್ನು ಅಣ್ಣ ಹೊಸ ಟವೆಲ್‌ನಲ್ಲಿ ಸುತ್ತಿ, ಅದರ ಮೇಲೆ ರಟ್ಟು ಕಟ್ಟಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನ ಕಂಡಕ್ಟರ ಕೈಗಿಟ್ಟರು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಜೋಪಾನ, ನಮ್ಮಪ್ಪನ ನಾನೂರು ಕ್ಯಾಸೆಟ್ ಇದರೊಳಗಿದೆ ಎಂದು ಹೇಳಿಬಿಟ್ಟರು.

ಕಂಡಕ್ಟರು ಗಂಟನ್ನು ಒಮ್ಮೆ ತೂಗಿ ನೋಡಿ ಲಗೇಜ್ ಟಿಕೆಟ್ ಹರಿಯಲು ಹೊರಟರು. ನಾನು ಓಡಿಹೋಗಿ, ಇದರಲ್ಲಿ ಕ್ಯಾಸೆಟ್ ಇಲ್ಲ, ಬರೀ ನಾನೂರು ಹೆಸರುಗಳಿವೆ ಎಂದು ತಿಳಿಹೇಳಿದೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, "ಹೆಸರಿಗೆ ಲಗೇಜ್ ಇಲ್ಲ ಸ್ವಾಮಿ. ಆದ್ರೆ ನಾನೂರು ಜನ ಅಂದ್ರೆ ಬಸ್ಸಲ್ಲಿ ಸೀಟಿಲ್ಲ" ಅಂದರು.

೩. ಸ್ವಾಧೀನ

ಒಂದು ಸಲ ತಮ್ಮ ಒಂದು ವಾರ ಕೂತು ಅರವತ್ತು ಕ್ಯಾಸೆಟ್‌ನ ವಿವರ ಸೇರಿಸಿದರು. ಅದೇ ವಾರ ಅಣ್ಣ ಇಲ್ಲಿ ನಲವತ್ತು ಸೇರಿಸಿ ಫ್ಲಾಪಿ ಕಳಿಸಿದರು. ತಮ್ಮ ಅದನ್ನು ಭಕ್ತಿಯಿಂದ ಸೊರಬದ ಕಂಪ್ಯೂಟರಿಗೆ ಇಳಿಸಿದರು. ಹೊಸ ಪಟ್ಟಿ ಹಳೆಯದರ ಮೇಲೆ ಕೂತು, ಅವರ ಅರವತ್ತೂ ಮಾಯವಾಯಿತು. ಮುಂದಿನ ವಾರ ಅವರು ಹಟ ಹಿಡಿದು, ಬೇಕೆಂದೇ ಹಳೆಯ ನಕಲೊಂದಕ್ಕೆ ಅರವತ್ತನ್ನೂ ಮತ್ತೆ ಸೇರಿಸಿ ಇಲ್ಲಿಗೆ ಕಳಿಸಿದರು. ಅಣ್ಣನ ನಲವತ್ತು ಹೋಯಿತು. ಗದ್ದೆಯ ಬದುವಿಗೆ ಜಗಳವಾಡದ ಅಣ್ಣತಮ್ಮಂದಿರು ಮಾತು ಬಿಟ್ಟರು. ಇಬ್ಬರೂ ಮಾತು ಬಿಡದಿದ್ದದ್ದು ನನ್ನೊಬ್ಬನ ಜೊತೆ. ಅದನ್ನೂ ಬಿಟ್ಟಿದ್ದರೇ ಚೆನ್ನಾಗಿತ್ತು.

ನಾನೊಂದು ಕಾನೂನು ಮಾಡಿದೆ. ಇರುವುದು ಒಂದೇ ಫ್ಲಾಪಿ, ಅದು ಯಾರ ಹತ್ತಿರ ಇದೆಯೋ ಅವರು ಮಾತ್ರ ಬರೆಯಬೇಕು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಫ್ಲಾಪಿ ಸೊರಬಕ್ಕೆ ಹೋಯಿತು, ಎರಡು ತಿಂಗಳಾದರೂ ಬರಲಿಲ್ಲ. ಅಣ್ಣನ ಕಾಟ ತಡೆಯಲಾರದೆ ನಾನೇ ಸೊರಬಕ್ಕೆ ಹೋದೆ. ತಮ್ಮ ಕಾಫಿ ಕೊಟ್ಟು, ಚೆನ್ನಾಗಿ ಮಾತಾಡಿಸಿ, ಫ್ಲಾಪಿ ಕೊಡುವುದಿಲ್ಲ ಅಂದರು.

"ವಕೀಲರನ್ನ ಕೇಳಿದೀನಿ ಮೇಷ್ಟ್ರೇ. ಹನ್ನೆರಡು ವರ್ಷ ತಕರಾರಿಲ್ಲದೆ ನನ್ನ ಸ್ವಾಧೀನದಲ್ಲಿದ್ರೆ ಅದು ನಂದೇ ಆಗುತ್ತೆ. ನೀವು ತಕರಾರು ಮಾಡಬೇಡಿ."

೪. ಲಗ್ನ

ಕೊನೆಗೆ ಪಂಚರು ಮಧ್ಯೆ ಬಂದ ಮೇಲೆ ಫ್ಲಾಪಿ ಮತ್ತೆ ಓಡಾಡತೊಡಗಿತು. ಪಟ್ಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ತುಂಬುತ್ತಿದ್ದೆವು. ವಚನ ಅನ್ನುವುದಕ್ಕೆ ಅಣ್ಣ ವಿ ಹಾಕಿದರೆ ತಮ್ಮ ಡಬ್ಲ್ಯೂ ಹಾಕುತ್ತಿದ್ದರು. ಅದನ್ನು ಹೇಗೋ ನಿಭಾಯಿಸಿದೆವು. ಒಂದು ದಿನ ಅವರ ತಾಯಿ ಚಿಕ್ಕ ಮಗನ ಮದುವೆಯ ಕ್ಯಾಸೆಟ್ ನೋಡಬೇಕೆಂದರು. ಅಣ್ಣ ಹೆಮ್ಮೆಯಿಂದ ಕಂಪ್ಯೂಟರ್ ಹಚ್ಚಿ ‘ಲಗ್ನ’ ಎಂದು ಹುಡುಕಿದರು. ವಿಡಿಯೋಗಳ ಪಟ್ಟಿಯನ್ನೆಲ್ಲ ತುಂಬಿದ್ದು ಸೊರಬದ ತಮ್ಮ. ಅವರು ಎಲ್ಲ ಕಡೆ ‘ಮದುವೆ’ ಎಂದೇ ಬರೆದಿದ್ದರು. ಲಗ್ನ ಒಂದೂ ಇಲ್ಲ ಎಂದು ಕಂಪ್ಯೂಟರ್ ಹೇಳಿತು.

ಅವರೆಕಾಯಿ ಸುಲಿಯುತ್ತಿದ್ದ ಆ ತಾಯಿ ತಲೆಯೆತ್ತದೆ ಕೇಳಿದರು: "ಈ ಮನ್ಯಾಗೆ ಯಾರ್ದೂ ಲಗ್ನ ಆಗಿಲ್ಲಂತಾ? ಹಂಗಾದ್ರೆ ಈ ಆರು ಮೊಮ್ಮಕ್ಕಳು ಎಲ್ಲಿಂದ ಬಂದ್ವು, ಅದನ್ನೂ ಅದಕ್ಕೇ ಕೇಳು."

೫. ಷರಾ

ಪಟ್ಟಿಯ ಕೊನೆಗೆ ನಾನು ‘ಷರಾ’ ಎಂದು ಒಂದು ಅಂಕಣ ಇಟ್ಟಿದ್ದೆ. ಟೇಪು ಎಳೆದಿದೆ, ಶಬ್ದ ಸರಿಯಿಲ್ಲ, ಇಂಥದ್ದನ್ನು ಬರೆಯಲಿ ಅಂತ. ಅಲ್ಲಿ ತಮ್ಮ ಏನೇನು ಬರೆಯುತ್ತಿದ್ದಾರೆ ಎಂದು ನಾನೂ ನೋಡಿರಲಿಲ್ಲ, ಅಣ್ಣನೂ ನೋಡಿರಲಿಲ್ಲ.

ಅಣ್ಣನ ಮಗಳನ್ನು ನೋಡಲು ಹೊಸಬಾಳೆಯಿಂದ ಗಂಡಿನವರು ಬಂದರು. ಹಿಂದೆ ಎರಡು ಸಂಬಂಧ ಮಾತಿಗೆ ಬಂದು ಮುರಿದಿದ್ದರಿಂದ ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದರು. ಗಂಡಿನ ತಂದೆ ನಿವೃತ್ತ ಸರ್ವೇಯರು, ಸೊರಬದ ತಮ್ಮನಿಗೆ ಹಳೆಯ ಪರಿಚಯ, ಗಂಭೀರ ಮನುಷ್ಯ. ಅವರಿಗೆ ಕಂಪ್ಯೂಟರ್ ತೋರಿಸಿ ಮೆಚ್ಚಿಸಬೇಕೆಂದು ಅಣ್ಣ ನನ್ನನ್ನೂ ಕರೆಸಿ ಕೂರಿಸಿದ್ದರು. ನಮ್ಮೂರಿನದು ಏನಾದರೂ ಇದೆಯೇ ನೋಡಿ ಎಂದು ಸರ್ವೇಯರು ಕೇಳಿದರು. ನಾನು ‘ಹೊಸಬಾಳೆ’ ಎಂದು ಟೈಪ್ ಮಾಡಿದೆ. ಸಿಕ್ಕಿದ್ದು ಒಂದೇ, ತಮ್ಮನ ಮದುವೆಯ ವಿಡಿಯೋ, ಅದರ ಪಕ್ಕ ಒಂದು ಷರಾ. ಸರ್ವೇಯರು ಕನ್ನಡಕ ಏರಿಸಿ, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. ಮೊದಲ ಪದಕ್ಕೇ ನನಗೆ ಪೂರ್ತಿ ಸಾಲು ಕಂಡಿತ್ತು. ಆದರೆ ಅಷ್ಟು ಹೊತ್ತಿಗೆ ಅವರ ಬೆರಳು ಪರದೆಯ ಮೇಲಿತ್ತು.

"ಹೊಸಬಾಳೆ ಸರ್ವೇಯರು ಮೂರು ಪಂಕ್ತಿಯಲ್ಲೂ ಊಟಕ್ಕೆ ಕೂತಿದ್ದಾರೆ."

ಬಾಗಿಲಲ್ಲಿ ಹುಡುಗಿ ಕಾಫಿ ತಟ್ಟೆ ಹಿಡಿದು ಹಾಗೇ ನಿಂತಳು. ಅಣ್ಣನ ಮುಖ ಅವರ ಅಂಗಡಿಯ ಬಿಳಿ ಮಲ್ಲು ಬಟ್ಟೆಯಷ್ಟೇ ಬೆಳ್ಳಗಾಯಿತು. ನಾನು ಕಂಪ್ಯೂಟರಿನ ಹಿಂದೆ ಯಾವುದೋ ವೈರು ಹುಡುಕುವ ನೆಪದಲ್ಲಿ ಬಗ್ಗಿದೆ.

ಸರ್ವೇಯರು ಕನ್ನಡಕ ತೆಗೆದು, ದಾಖಲೆ ತಪ್ಪಾಗಿದೆ, ಕೂತಿದ್ದು ಎರಡೇ ಪಂಕ್ತಿ, ಸ್ಥಳ ಪರಿಶೀಲನೆ ಆಗಲಿ ಅಂದರು. ತಾಯಿಗೆಂದು ಸೊರಬದಿಂದ ತರಿಸಿಟ್ಟಿದ್ದ ಕ್ಯಾಸೆಟ್ ಹಾಕಲೇಬೇಕಾಯಿತು. ಗಂಡಿನವರು, ಹೆಣ್ಣಿನವರು ಎಲ್ಲ ಟಿ.ವಿ. ಮುಂದೆ ಕೂತರು. ಮೊದಲ ಪಂಕ್ತಿಯಲ್ಲಿ ಸರ್ವೇಯರು ಇದ್ದರು. ಎರಡನೆಯದರಲ್ಲೂ ಇದ್ದರು. ಮೂರನೆಯದರಲ್ಲಿ ಕಂಬದ ಪಕ್ಕ, ಎಲೆ ತುದಿಗೆ ನೀರು ಚಿಮುಕಿಸುತ್ತ, ಬಹಳ ಚುರುಕಾಗಿದ್ದರು. ಹೋಳಿಗೆ ಬಡಿಸುವವನು ಬಂದ, ಎರಡು ಹಾಕಿದ. ಅಷ್ಟರಲ್ಲಿ ವಿಡಿಯೋದವನು ಕ್ಯಾಮೆರಾ ಬೇರೆ ಕಡೆ ತಿರುಗಿಸಿದ್ದ.

ಸರ್ವೇಯರು ಕನ್ನಡಕ ಒರೆಸಿ ಜೇಬಿಗಿಟ್ಟರು. "ಬಡಿಸಿದ್ದಕ್ಕೆ ದಾಖಲೆ ಇದೆ," ಅಂದರು, "ತಿಂದಿದ್ದಕ್ಕೆ ಇಲ್ಲ."

ಮೊದಲು ಕಿಸಕ್ಕೆಂದದ್ದು ಬಾಗಿಲಲ್ಲಿದ್ದ ಹುಡುಗಿ. ಆಮೇಲೆ ಗಂಡು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕಮೇಲೆ ಮಿಕ್ಕವರು ನಗದೆ ಗತಿಯಿರಲಿಲ್ಲ. ಕಾಫಿ ಆರಿಹೋಗಿತ್ತು, ಮತ್ತೆ ಮಾಡಿ ತಂದರು.

ಸಂಬಂಧ ಗಟ್ಟಿಯಾಯಿತು. ಕೊಡುವುದು, ತೆಗೆದುಕೊಳ್ಳುವುದು ಏನಾದರೂ ಇದ್ದರೆ ಹೇಳಿ ಎಂದು ಅಣ್ಣ ಕೈಜೋಡಿಸಿ ಕೇಳಿದರು. ಸರ್ವೇಯರು ತಮಗೇನೂ ಬೇಡ ಅಂದರು. ಷರತ್ತು ಒಂದೇ. ಮದುವೆಯಲ್ಲಿ ವಿಡಿಯೋದವನು ಧಾರೆ ಹಿಡಿಯಲಿ, ಮಂಟಪ ಹಿಡಿಯಲಿ, ಊಟದ ಮನೆಯೊಳಗೆ ಮಾತ್ರ ಕಾಲಿಡಕೂಡದು.