ಮಾವನವರ ವಾಚೂ ಓಟದ ಕನ್ನಡಕವೂ

ಇಪ್ಪತ್ತೆರಡು ವರ್ಷ ಊರಿನವರ ಹೊಟ್ಟೆ ಅಳೆದ ಕೋಟು ಹೊಲಿಯುವ ದರ್ಜಿ, ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತನ್ನ ಹೊಟ್ಟೆಯನ್ನೂ ಅಳೆದುಕೊಂಡದ್ದೇ ತಪ್ಪಾಯಿತು. ಟೇಪು ನಲವತ್ತೆರಡಕ್ಕೆ ಬಂದು ನಿಂತಿತು. (ಉಸಿರು ಬಿಗಿಹಿಡಿದಾಗಿನ ಅಳತೆ ಇದು. ಬಿಟ್ಟಾಗಿನದನ್ನು ಅವನೇ ಯಾರಿಗೂ ಹೇಳಿಲ್ಲ, ನಾನೇಕೆ ಹೇಳಲಿ?) ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುತ್ತ ಗೋಡೆಯ ಮೇಲಿದ್ದ ಮಾವನವರ ಫೋಟೋ ನೋಡಿದ. ಮಾವನವರೂ ಅವನನ್ನು ನೋಡಿದರು. ಮುಖವನ್ನಲ್ಲ, ಸ್ವಲ್ಪ ಕೆಳಗೆ.

ಮಾವನವರು ನಲವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. 'ಎದೆ ಮುಂದೆ, ಹೊಟ್ಟೆ ಒಳಗೆ' ಎಂಬ ಎರಡು ಆಜ್ಞೆಗಳಲ್ಲಿ ಸಕಲ ಶಾಸ್ತ್ರಗಳೂ ಅಡಗಿವೆ ಎಂದು ನಂಬಿದ್ದ ಮಹಾನುಭಾವರು. ಇದ್ದೊಬ್ಬ ಮಗಳನ್ನು ಕೂತು ಕೆಲಸ ಮಾಡುವವನಿಗೆ ಕೊಟ್ಟೆನಲ್ಲ ಎಂಬ ಕೊರಗು ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ, ತೀರಿಕೊಳ್ಳುವ ಮುನ್ನ, ತಮ್ಮ ಡಿಜಿಟಲ್ ವಾಚನ್ನು ಬಿಚ್ಚಿ ಮಗಳ ಕೈಗಿತ್ತು, "ಇದು ಅಳಿಯಂದ್ರಿಗೆ. ಆದ್ರೆ ಅವರು ಐದು ಕಿಲೋಮೀಟರ್‌ನ ಅರ್ಧ ಗಂಟೇಲಿ ಓಡಿದ ದಿನ. ಅಲ್ಲೀವರೆಗೂ ನಿನ್ನ ಬೀರೂಲಿರ್ಲಿ" ಎಂದಿದ್ದರು. ಅಳಿಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಅವನು ಕೂತಿದ್ದನ್ನು ನೋಡಿಯೇ ಅವರು ಕಣ್ಣು ಮುಚ್ಚಿದರು.

ಆ ಮಾತು ನಾಲ್ಕು ವರ್ಷದಿಂದ ದರ್ಜಿಯನ್ನು ಚುಚ್ಚುತ್ತಲೇ ಇತ್ತು. ಮುಂದಿನ ತಿಂಗಳು ಹೆಂಡತಿಯ ಹುಟ್ಟುಹಬ್ಬ. ಅಷ್ಟರೊಳಗೆ ಓಡಿ, ಅದೇ ವಾಚಿನಲ್ಲಿ 'ಇಪ್ಪತ್ತೊಂಬತ್ತು ನಿಮಿಷ' ಎಂದು ನಿಲ್ಲಿಸಿ, ಅವಳ ಮುಂದೆ ಕೈ ಚಾಚಬೇಕು. ಅವಳ ಕಣ್ಣಲ್ಲಿ ನೀರು ಬರಬೇಕು. ಗೋಡೆಯ ಮೇಲಿನವರ ದೃಷ್ಟಿ ಹೊಟ್ಟೆ ಬಿಟ್ಟು ಮುಖಕ್ಕೆ ಏರಬೇಕು. ಇದಕ್ಕೆ ವಾಚು ಬೇಕಲ್ಲ? ದಿನಾ ಬೆಳಗ್ಗೆ ಬೀರುವಿನಿಂದ ಸದ್ದಿಲ್ಲದೆ ತೆಗೆದುಕೊಂಡು ಹೋಗಿ, ಏಳೂವರೆಗೆ ಸದ್ದಿಲ್ಲದೆ ಮತ್ತೆ ಬಟ್ಟೆಗಳ ಕೆಳಗೆ ಇಟ್ಟುಬಿಡುವುದು ಎಂದು ತೀರ್ಮಾನಿಸಿದ. ಕಳ್ಳತನ ಎಂಬ ಮಾತು ಅವನ ಮನಸ್ಸಿಗೆ ಬಂತು, ಆದರೆ ಅವನು ಅದನ್ನು ಒಳಗೆ ಕರೆಯಲಿಲ್ಲ.

ಕನ್ನಡಕದ ಮಾತನ್ನು ಮಾತ್ರ ಹೆಂಡತಿಯ ಹತ್ತಿರ ಆಡಲೇಬೇಕಾಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವಾಕೆ.

"ನಾಳೆಯಿಂದ ಸೈಕಲ್ಲು ಮತ್ತು ಓಟ ಕಣೇ. ಕೆರೆ ದಾರೀಲಿ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತೆ. ಒಂದು ಕೂಲಿಂಗ್ ಗ್ಲಾಸ್ ಬೇಕಿತ್ತು."

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಮೂಗಿನ ಹತ್ರ ರಬ್ಬರ್ ಇರ್ಬೇಕು, ಬೆವರಿದ್ರೆ ಜಾರ್ಬಾರ್ದು. ಪಕ್ಕಕ್ಕೆ ಬಾಗಿರ್ಬೇಕು, ಇಲ್ದಿದ್ರೆ ಸೈಕಲ್ ಮೇಲೆ ಗಾಳಿ, ಹುಳ ಎಲ್ಲಾ ಒಳಗೆ. ಮೇಲ್ಗಡೆ ಫ್ರೇಮ್ ದಪ್ಪ ಬೇಡ, ಬಗ್ಗಿ ತುಳಿಯೋವಾಗ ರಸ್ತೆ ಮುಚ್ಚುತ್ತೆ. ಮರದ ನೆರಳಲ್ಲೂ ಕಾಣ್ಬೇಕು, ತೆಳು ಕಂದು ತಗೊಳ್ಳಿ. ಮತ್ತೆ ರೀ, ಪೋಲರೈಸ್ಡ್ ಮಾತ್ರ ಬೇಡ."

"ಯಾಕೆ ಬೇಡ?"

"ಅದು ನೀರಿನ ಮೇಲಿನ ಹೊಳಪು ಕಳೆಯೋ ಗಾಜು, ಮೀನು ಹಿಡಿಯೋರಿಗೆ. ನೀವು ಓಡ್ತಾ ಓಡ್ತಾ..."

"ನನ್ನ ಮುಖಕ್ಕೆ ಯಾವುದು ಒಪ್ಪುತ್ತೆ ಅಂತ ಹೇಳಲೇ ಇಲ್ವಲ್ಲ!"

"ಮುಖ ಓಡಲ್ಲ ರೀ, ಕಾಲು ಓಡೋದು."

ಈ ಮಾತಿಗೆ ಅವನಿಗೆ ರೇಗಿತು. ಇಡೀ ಊರಿಗೆ ಯಾವ ಬಟ್ಟೆ ಒಪ್ಪುತ್ತದೆಂದು ಹೇಳುವವನಿಗೆ ಪಾಠವೇ? ಅವಳ ವಾರದ ರಜೆಯ ದಿನ ನೋಡಿಕೊಂಡು ಅವಳದೇ ಅಂಗಡಿಗೆ ಹೋದ. ಮೀಸೆಗೆ ಬಣ್ಣ ಹಚ್ಚಿದ ಸೇಲ್ಸ್‌ಮನ್ ಬೂದು ಬಣ್ಣದ ಒಂದು ಕಾರ್ಡು ತೋರಿಸಿದ.

"ಇದ್ರಲ್ಲಿ ಏನ್ ಕಾಣ್ತಿದೆ ಸಾರ್?"

"ಏನೂ ಇಲ್ಲ."

"ಈಗ ಈ ಪೋಲರೈಸ್ಡ್ ಹಾಕ್ಕೊಂಡು ನೋಡಿ."

ಕಪ್ಪು ಕನ್ನಡಕ ಹಾಕಿಕೊಂಡು ನೋಡಿದರೆ ಬೂದಿಯೊಳಗಿಂದ ಒಂದು ಮೀನು ಎದ್ದು ಬಂತು. ಅದು ನೇರವಾಗಿ ಅವನನ್ನೇ ನೋಡುತ್ತಿತ್ತು. ಕನ್ನಡಕ ತೆಗೆದ, ಮೀನಿಲ್ಲ. ಹಾಕಿದ, ಮೀನು ಇದೆ.

"ಅದು ಅಲ್ಲೇ ಇತ್ತು ಸಾರ್" ಎಂದ ಸೇಲ್ಸ್‌ಮನ್ ತಗ್ಗಿದ ದನಿಯಲ್ಲಿ. "ಬರಿಗಣ್ಣಿಗೆ ಕಾಣ್ತಿರ್ಲಿಲ್ಲ, ಅಷ್ಟೆ."

ದರ್ಜಿಯ ಮೈ ಜುಮ್ಮೆಂದಿತು. ಅದನ್ನೇ ಕಟ್ಟಿಸಿಕೊಂಡು ಬಂದು, "ನೀನು ಹೇಳಿದ್ದನ್ನೇ ತಗೊಂಡೆ ಕಣೇ" ಎಂದ. ಅವಳು ಕನ್ನಡಕವನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿ, "ಸರಿ" ಎಂದಳು.

ಮೊದಲ ಬೆಳಗ್ಗೆ ಆರಕ್ಕೆ ಸೈಕಲ್ ತುಳಿಯುತ್ತ ಹೊರಟ. ಹ್ಯಾಂಡಲ್ ಹಿಡಿದ ಕೈಯಲ್ಲಿ ವಾಚು ಸೊಗಸಾಗಿ ಸಮಯ ತೋರಿಸುತ್ತಿತ್ತು. ಬಿಸಿಲಿನ್ನೂ ಎಳೆಯದು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸಾಲಾಗಿ ನಿಲ್ಲಿಸಿದ್ದ ಕಾರುಗಳ ಹಿಂದಿನ ಗಾಜಿನ ತುಂಬ ಕಪ್ಪು ಕಪ್ಪು ಕಲೆಗಳು, ಒಳಗಿನಿಂದ ಯಾರೋ ಬೆರಳೂರಿದ ಹಾಗೆ. ನಿನ್ನೆ ಇವೇ ಕಾರುಗಳಲ್ಲಿ ಅಂಥದ್ದೇನೂ ಇರಲಿಲ್ಲ. ಕೆರೆಗೆ ಬಂದರೆ ನೀರಿನ ಮೇಲಿನ ಹೊಳಪೆಲ್ಲ ಮಾಯವಾಗಿ ತಳ ಕಾಣುತ್ತಿತ್ತು. ಪಾಚಿ, ಮುಳುಗಿದ ಮೆಟ್ಟಿಲು, ಮೆಟ್ಟಿಲಿಗೆ ಒರಗಿಸಿದ ಒಂದು ಹಳೆಯ ಸೈಕಲ್ಲು. ಬಿದ್ದದ್ದಲ್ಲ, ಒರಗಿಸಿದ್ದು. ಯಾರೋ ಅಲ್ಲಿ ಸೈಕಲ್ ನಿಲ್ಲಿಸಿ ಇನ್ನೂ ಕೆಳಗೆ ನಡೆದು ಹೋಗಿದ್ದರು.

ಅವನು ಎಂಜಲು ನುಂಗಿ, ತನ್ನ ಸೈಕಲ್ಲನ್ನು ನೀರಿನಿಂದ ಸಾಕಷ್ಟು ದೂರ ನಿಲ್ಲಿಸಿ, ವಾಚಿನ ಗುಂಡಿ ಒತ್ತಿ ಓಡತೊಡಗಿದ. ಕೆರೆಗೆ ಎರಡು ಸುತ್ತು ಹೊಡೆದರೆ ಐದು ಕಿಲೋಮೀಟರ್. ದೊಡ್ಡ ಮರದ ತಿರುವಿನಲ್ಲಿ ಎಷ್ಟಾಯಿತೆಂದು ಎದೆಯ ಮಟ್ಟಕ್ಕೆ ಕೈಯೆತ್ತಿ ನೋಡಿದ.

ವಾಚಿನ ಮುಖ ಕಪ್ಪಾಗಿತ್ತು. ಅಂಕಿ ಇಲ್ಲ, ಗೆರೆ ಇಲ್ಲ, ಬರೀ ಕತ್ತಲೆ.

ಕುಲುಕಿದ, ಊದಿದ, ಅಂಗಿಗೆ ಉಜ್ಜಿದ. ಏನೂ ಇಲ್ಲ. ಗುಂಡಿಗಳನ್ನು ಅಂದಾಜಿನ ಮೇಲೆ ಒತ್ತಿ, ಓಟ ಮುಗಿಸಿ, ಸೈಕಲ್ ಹತ್ತಿದರೆ ವಾಚು ಏನೂ ಆಗಿಯೇ ಇಲ್ಲವೆಂಬಂತೆ ಸಮಯ ತೋರಿಸುತ್ತಿತ್ತು. ಮನೆಗೆ ಬಂದು ಓಟದ ಲೆಕ್ಕ ತೆಗೆದರೆ ಸೊನ್ನೆ, ಸೊನ್ನೆ, ಸೊನ್ನೆ. ಮಾವನವರು ಅಂಕ ಹಾಕಿದ್ದರು.

ಎರಡನೆಯ ದಿನವೂ ಹಾಗೇ. ಸೈಕಲ್ ಮೇಲಿದ್ದಾಗ ಸರಿ, ಓಡುವಾಗ ಕತ್ತಲೆ. ಕೂತು ಮಾಡುವ ಕಸರತ್ತನ್ನು ಮಾವನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಓಡಲು ಹೊರಟರೆ ಮಾತ್ರ ಮುಖ ತಿರುಗಿಸುತ್ತಾರೆ ಎಂದು ಅವನಿಗೆ ಅನ್ನಿಸತೊಡಗಿತು. ಆ ಎರಡು ದಿನ ತನ್ನ ಏದುಸಿರಿನ ಸದ್ದಿನಲ್ಲಿ ಅವನಿಗೆ ಬೇರೇನೂ ಕೇಳಿಸಿರಲಿಲ್ಲ. ಮೂರನೆಯ ದಿನ ಅದೇ ಮರದ ತಿರುವಿನಲ್ಲಿ, ಕಪ್ಪಾಗಿದ್ದ ವಾಚನ್ನೇ ನೋಡುತ್ತ ಓಡುತ್ತಿದ್ದಾಗ, ಆ ಕತ್ತಲೆಯೊಳಗಿಂದ ಡ್ರಿಲ್ ಮೇಷ್ಟ್ರ ಸೀಟಿಯ ಹಾಗೆ ಪೀ, ಪೀ ಎಂದು ಎರಡು ಸಲ ಕೂಗಿತು.

"ಮಾವಾ?" ಎಂದ ದರ್ಜಿ.

ಎದೆ ತಾನಾಗಿ ಮುಂದೆ ಬಂತು. ಹೊಟ್ಟೆ, ತನ್ನ ಕೈಲಾದಷ್ಟು, ಒಳಗೆ ಹೋಯಿತು.

ಅಂದು ಗಾಬರಿಯಲ್ಲಿ ಕನ್ನಡಕ ಹಣೆಗೇರಿಸಿದಾಗ ಅಂಕಿಗಳು ಥಟ್ಟನೆ ಕಂಡಿದ್ದವು. ಹಾಗಾದರೆ ಕನ್ನಡಕ ಬಿಟ್ಟೇ ಓಡಬಾರದಿತ್ತೇ ಎಂದು ನೀವು ಕೇಳಬಹುದು. ಆದರೆ ಅವನು ಆ ಮೀನನ್ನು ನೋಡಿದ್ದವನು. ಬರಿಗಣ್ಣಿಗೆ ಕಾಣುವುದು ಮೇಲಿನ ಬೂದಿ, ಕನ್ನಡಕಕ್ಕೆ ಕಾಣುವುದು ಒಳಗಿನ ನಿಜ. ಮಾವನವರ ನಿಜವಾದ ಮುಖ ಕಪ್ಪಿಟ್ಟಿದೆ ಎಂದು ಗೊತ್ತಾದ ಮೇಲೆ, ಕನ್ನಡಕ ತೆಗೆದು ಏನೂ ಆಗಿಲ್ಲವೆಂದು ನಟಿಸುವುದು ಯಾವ ಸೀಮೆಯ ಮರ್ಯಾದೆ?

ಆ ಸಂಜೆ ಮೆಲ್ಲಗೆ ಕೇಳಿದ. "ಅಲ್ವೇ, ನಿಮ್ಮಪ್ಪನಿಗೆ ನನ್ನ ಮೇಲೆ ಸಿಟ್ಟಿತ್ತಾ?"

ಅವಳು ಹಸಿಬಟ್ಟೆ ಹಿಂಡುತ್ತಿದ್ದಳು. ತಿರುಗಿ ನೋಡಲಿಲ್ಲ. "ಸಿಟ್ಟು ಅಂತೇನಿಲ್ಲ. ಒದ್ದೆ ಟವೆಲ್ ಮಂಚದ ಮೇಲೆ ಬಿಸಾಕೋದು ಮಾತ್ರ ಅವ್ರಿಗೆ ಆಗ್ತಿರ್ಲಿಲ್ಲ."

ಮರುದಿನದಿಂದ ಟವೆಲ್ ತಂತಿ ಏರಿತು. ಆದರೂ ವಾಚು ಕಪ್ಪೇ.

"ಮತ್ತೇನು ಆಗ್ತಿರ್ಲಿಲ್ಲ ಅವ್ರಿಗೆ?"

"ಉಂಡ ತಟ್ಟೆ ಅಲ್ಲೇ ಬಿಟ್ಟು ಏಳೋದು. ಯಾಕ್ರೀ ಕೇಳ್ತೀರಾ?"

"ಸುಮ್ನೆ. ನೆನಪಾದ್ರು."

ಹೀಗೆ ತಟ್ಟೆ ತೊಳೆದದ್ದಾಯಿತು, ಹೊದಿಕೆ ನಾಲ್ಕು ಮೂಲೆ ಹಿಡಿದು ಮಡಚಿದ್ದಾಯಿತು, ನಿಂತೇ ಚಹಾ ಕುಡಿದದ್ದಾಯಿತು. ಫೋಟೋದ ಮುಂದೆ ಹಾದುಹೋಗುವಾಗಲೆಲ್ಲ ಹಿಮ್ಮಡಿ ಜೋಡಿಸಿ ಒಂದು ಕ್ಷಣ ನಿಲ್ಲುತ್ತಿದ್ದ. ಮೂರು ವಾರ ಆ ಮನೆಯಲ್ಲಿ ಸತ್ತವರ ಆಡಳಿತ ನಡೆಯಿತು. ಕೆರೆಯ ದಂಡೆಯಲ್ಲಿ ಮಾತ್ರ ದಿನಾ ಅದೇ ಕತ್ತಲೆ, ಅದೇ ಮರದ ಬಳಿ ಅದೇ ಎರಡು ಸೀಟಿ. ಒಂದು ದಿನ ನೀರಿನೊಳಗಿನ ಆ ಸೈಕಲ್ಲು ಒಂದು ಮೆಟ್ಟಿಲು ಮೇಲೆ ಬಂದಂತೆ ಕಂಡಿತು. (ಕೆರೆಯ ನೀರು ಇಳಿದಿದ್ದರೂ ಇಳಿದಿರಬಹುದು. ಅವನು ನಿಂತು ಅಳೆಯಲಿಲ್ಲ, ಟೇಪು ಜೇಬಿನಲ್ಲೇ ಇದ್ದರೂ.)

ಹುಟ್ಟುಹಬ್ಬಕ್ಕೆ ಎರಡು ದಿನ ಇರುವಾಗ ಅವನಿಗೆ ಸಾಕಾಯಿತು. ಓಟದಿಂದ ನೇರ ಅಡುಗೆಮನೆಗೆ ಬಂದು ವಾಚು ಬಿಚ್ಚಿ ಮೇಜಿನ ಮೇಲಿಟ್ಟ.

"ನಾನು ಕಳ್ಳ ಕಣೇ. ನಿಮ್ಮಪ್ಪ ನನ್ನನ್ನ ಒಪ್ಪಿಲ್ಲ. ಒಪ್ಪೋದೂ ಇಲ್ಲ. ನಾನು ಓಡೋದನ್ನ ಅವರು ನೋಡೋದಕ್ಕೂ ತಯಾರಿಲ್ಲ."

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ನಗಲಿಲ್ಲ. "ಆ ಕನ್ನಡಕ ಹಾಕ್ಕೊಳ್ಳಿ" ಎಂದು, ವಾಚನ್ನು ಅವನ ಕಣ್ಣಿನ ಮುಂದೆ ಹಿಡಿದು ಬೀಗದ ಕೈಯ ಹಾಗೆ ನಿಧಾನವಾಗಿ ತಿರುಗಿಸಿದಳು. ಅಂಕಿಗಳು ಕಂಡವು, ಕಪ್ಪಾದವು, ಮತ್ತೆ ಕಂಡವು.

"ಪೋಲರೈಸ್ಡ್ ಗಾಜಲ್ಲಿ ಇಂಥ ವಾಚು ಒಂದು ಕಡೆ ತಿರುಗಿದ್ರೆ ಕಾಣುತ್ತೆ, ಇನ್ನೊಂದು ಕಡೆ ತಿರುಗಿದ್ರೆ ಕಾಣಲ್ಲ. ಸೈಕಲ್ ಹಿಡ್ದಾಗ ನಿಮ್ಮ ಕೈ ಹೀಗಿರುತ್ತೆ, ಓಡ್ತಾ ನೋಡುವಾಗ ಹೀಗೆ. ಕಾರಿನ ಗಾಜಲ್ಲಿ ಕಲೆ, ಕೆರೇಲಿ ತಳ ಕಾಣಿಸಿದ್ದೂ ಇದೇ ಗಾಜಿಂದ. ಬೇಡ ಅಂದಿದ್ದು ಅದಕ್ಕೇ."

ಅವನು ಬಾಯಿ ಬಿಟ್ಟುಕೊಂಡು ಕುರ್ಚಿಯ ಮೇಲೆ ಕುಸಿದ. "ಮತ್ತೆ ಆ ಸೀಟಿ?"

"ಅದು ಅಪ್ಪ ಇಟ್ಟ ಅಲಾರಂ. ಆರೂವರೆಗೆ. ಅದನ್ನ ನಿಲ್ಲಿಸೋಕೆ ನನಗೆ ಮನಸ್ಸು ಬಂದಿರ್ಲಿಲ್ಲ. ನಾಲ್ಕು ವರ್ಷದಿಂದ ದಿನಾ ಬೀರೂ ಒಳಗೆ ಕೂಗ್ತಿತ್ತು. ನೀವು ಎಂಟಕ್ಕೆ ಏಳೋರು, ನಿಮಗೆಲ್ಲಿ ಕೇಳ್ಬೇಕು? ಒಂದು ದಿನ ಕೂಗಲೇ ಇಲ್ಲ. ಎದೆ ಧಸಕ್ಕಂತು. ಬಾಗಿಲು ತೆಗೆದು ನೋಡಿದ್ರೆ ವಾಚೇ ಇಲ್ಲ."

"ಅಂದ್ರೆ ಮೊದಲನೇ ದಿನಾನೇ..."

"ಮೊದಲನೇ ದಿನಾನೇ."

"ಮೂರು ವಾರ ಜೀವ ಕೈಯಲ್ಲಿ ಹಿಡ್ಕೊಂಡು ಓಡಿದ್ದೀನಲ್ಲೇ! ಒಂದು ಮಾತು ಹೇಳ್ಬಾರ್ದಿತ್ತಾ?"

ಅವಳು ವಾಚಿನ ಪಟ್ಟಿಯನ್ನು ಬೆರಳಿಂದ ಸವರಿದಳು. "ಮೂರು ವಾರ ಮನೇಲಿ ಅಪ್ಪ ಇದ್ದ ಹಾಗಿತ್ತು ರೀ" ಎಂದಳು. ಆಮೇಲೆ ಮೂಗು ಒರೆಸಿಕೊಂಡು, "ಟವೆಲ್ ಬೇರೆ ಒಣಗ್ತಿತ್ತು" ಎಂದಳು.

ಅವನು ಬೈಯಲೆಂದು ಎದ್ದ, ಬೆವರು ಒರೆಸಿದ ಟವೆಲನ್ನು ತಂತಿಗೆ ಹಾಕಿ ಬಂದ.

ಹುಟ್ಟುಹಬ್ಬದ ಬೆಳಗ್ಗೆ ಅವಳೂ ಕೆರೆಗೆ ಬಂದಳು. ತೆಳು ಕಂದು ಬಣ್ಣದ, ಮೂಗಿಗೆ ರಬ್ಬರಿನ, ಪಕ್ಕಕ್ಕೆ ಬಾಗಿದ ಹೊಸ ಕನ್ನಡಕವನ್ನು ತಾನೇ ಅವನ ಕಿವಿಗೇರಿಸಿದಳು. ಹೊರಡುವುದು ತಡವಾಗಿ ಓಟ ಶುರುವಾದಾಗಲೇ ಆರು ಇಪ್ಪತ್ತೈದು. ಐದು ನಿಮಿಷಕ್ಕೆ ಸೀಟಿ ಕೂಗಿತು. ಈ ಸಲ ದರ್ಜಿ ನಕ್ಕ. ಕೆರೆ ಬರೀ ಹೊಳೆಯುವ ನೀರಾಗಿತ್ತು, ಕಾರಿನ ಗಾಜುಗಳು ಬರೀ ಗಾಜು. ವಾಚಿನ ಅಂಕಿಗಳು ಒಂದೊಂದೂ ಸ್ಪಷ್ಟ.

ತೊಂದರೆ ಅದೇ ಆಯಿತು. ಮೊದಲ ಸುತ್ತಿಗೇ ಹದಿನೆಂಟು ನಿಮಿಷ. ಎರಡನೆಯ ಸುತ್ತಿನಲ್ಲಿ ಅವನು ವಾಚು ನೋಡುವುದು ಬಿಟ್ಟು ದೇವರನ್ನು ನೆನೆದ. ಮುಗಿಸಿ, ಗುಂಡಿ ಒತ್ತಿ ನೋಡಿದರೆ ಮೂವತ್ತೆಂಟು ನಿಮಿಷ, ಹತ್ತು ಸೆಕೆಂಡು. ಕತ್ತಲೆಯಲ್ಲಿ ಓಡಿದಾಗ ಇಪ್ಪತ್ತೊಂಬತ್ತೇ ಆಗಿದ್ದಿರಬಹುದು ಎಂಬ ಭರವಸೆಯಾದರೂ ಇತ್ತು. ಅದೂ ಹೋಯಿತು.

ಸೋತ ಮುಖ ಹೊತ್ತು ಅವಳ ಮುಂದೆ ಬಂದು ಕೈ ಚಾಚಿದ. ನೋಡಿದರೆ ಅವಳು ಅವನ ಹಳೆಯ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಳು. ಅವನ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಒಂದು ಕಡೆಗೆ ತಿರುಗಿಸಿದಳು.

"ಏನೂ ಕಾಣ್ತಿಲ್ವಲ್ಲ ರೀ. ಬರೀ ಕಪ್ಪು" ಎಂದಳು. "ಅರ್ಧ ಗಂಟೆ ಆಗಿರ್ಬೇಕು, ಅಷ್ಟೆ. ವಾಚು ನಿಮ್ಮದು, ಇಟ್ಕೊಳ್ಳಿ."

ಅವನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಸಂಸಾರದಲ್ಲಿ ತನಗಾಗಿ ಯಾರೂ ಇಷ್ಟು ಪ್ರೀತಿಯಿಂದ ಸುಳ್ಳು ಹೇಳಿರಲಿಲ್ಲ ಎನಿಸಿತು. "ಥ್ಯಾಂಕ್ಸ್ ಕಣೇ" ಎನ್ನಲು ಬಾಯಿ ತೆರೆದ.

ಪೀ, ಪೀ.

ಇಬ್ಬರೂ ವಾಚು ನೋಡಿದರು. ಗಂಟೆ ಏಳು ದಾಟಿ ಐದು ನಿಮಿಷವಾಗಿತ್ತು.

"ಗುಂಡಿ ಏನಾದ್ರೂ ಒತ್ತಿದ್ಯಾ?" ಎಂದು ಅವನು ಪಿಸುಗುಟ್ಟಿದ.

"ಮುಟ್ಟೇ ಇಲ್ಲ."

"ಇದು ಆರೂವರೆಗೆ ಮಾತ್ರ ಅಲ್ವಾ ಕೂಗೋದು?"

ಅವಳು ನಿಧಾನವಾಗಿ ಕನ್ನಡಕ ತೆಗೆದಳು. ಮುಖ ಬಿಳಿಚಿಕೊಂಡಿತ್ತು. ಗಾಳಿ ನಿಂತಿತ್ತು, ಕೆರೆಯಲ್ಲಿ ಒಂದು ಅಲೆಯೂ ಇರಲಿಲ್ಲ. ಅವಳು ನೀರಿನ ಕಡೆ ನೋಡಿ, ಗಂಡನ ಹೊಟ್ಟೆಯ ಕಡೆ ನೋಡಿ, ಕಡೆಗೆ ಸಣ್ಣ ದನಿಯಲ್ಲಿ, "ರೀ, ಅಪ್ಪ ಎರಡನೇ ಸಲ ಸೀಟಿ ಊದೋವರೆಗೂ ಯಾರೂ ನಿಂತಿರ್ತಿರ್ಲಿಲ್ಲ" ಎಂದಳು.

ದರ್ಜಿ ಬಗ್ಗಿ ಶೂ ಲೇಸು ಬಿಗಿದ. ಎದೆ ಮುಂದೆ ತಂದು, ಹೊಟ್ಟೆ ಒಳಗೆಳೆದು, ಮತ್ತೆ ಮೊದಲಿನಿಂದ ಓಡತೊಡಗಿದ.