ಮೇಜಿನ ಕೆಳಗಿನ ಪ್ರಶ್ನೆ

ಶ್ರಾವಣ ಬಂತೆಂದರೆ ಮಲಪನಗುಡಿಯ ಬಾಳೆತೋಟಗಳಲ್ಲಿ ಹಣ್ಣಿಗಿಂತ ಎಲೆಗೆ ಗಿರಾಕಿ ಹೆಚ್ಚು. ಆ ಭಾನುವಾರ ಬೆಳಿಗ್ಗೆ ಉಜ್ಜಿನಪ್ಪ ಕೋಲಿನ ತುದಿಗೆ ಕುಡುಗೋಲು ಕಟ್ಟಿಕೊಂಡು ಎಲೆ ಕೊಯ್ಯುತ್ತಿದ್ದ. ಹಂಪಿ ಬಜಾರಿನ ಖಾನಾವಳಿಗೆ ಭಾನುವಾರದ ಎಲೆ ಅವನದೇ. ಕೈ ಎಲೆ ಕೊಯ್ಯುತ್ತಿತ್ತು, ಮನಸ್ಸು ಮಾತ್ರ ಒಂದು ಮೇಜಿನ ಕೆಳಗೆ ಹೊಕ್ಕು ಕೂತಿತ್ತು.

ಆ ಮೇಜು ಇದ್ದದ್ದು ಪಕ್ಕದ ಮನೆಯ ಜಡೆಪ್ಪನ ಟಿವಿಯಲ್ಲಿ. ಓಣಿಗೆಲ್ಲ ಅದೊಂದೇ ಟಿವಿ. ಶನಿವಾರ ಸಂಜೆಯಾದರೆ ಅದರಲ್ಲಿ ಕೋಟು ಹಾಕಿಕೊಂಡ ಒಬ್ಬಾತ ಮೇಜಿನ ಹಿಂದೆ ಕೂತು ಜನರಿಗೆ ಪ್ರಶ್ನೆ ಕೇಳುತ್ತಿದ್ದ. ಸರಿ ಹೇಳಿದವರಿಗೆ ಚಪ್ಪಾಳೆ, ತಪ್ಪು ಹೇಳಿದವರಿಗೆ ನಗು. ಓಣಿಯವರು ಅವನಿಗೆ ಪ್ರಶ್ನೆ ಸಾಹೇಬ ಎಂದು ಹೆಸರಿಟ್ಟಿದ್ದರು. ಉಳಿದವರು ಉತ್ತರ ಯೋಚಿಸುತ್ತಿದ್ದರೆ ಉಜ್ಜಿನಪ್ಪ ಬೇರೆಯೇ ಯೋಚಿಸುತ್ತಿದ್ದ. ಟಿವಿಯಲ್ಲಿ ಕ್ರಿಕೆಟ್ ಆಡುವವರು ಟೊಪ್ಪಿಗೆಯಿಂದ ಬೂಟಿನವರೆಗೆ ಇಡಿಯಾಗಿ ಕಾಣುತ್ತಾರೆ. ಕುಸ್ತಿ ಪೈಲ್ವಾನರಂತೂ ಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತಾರೆ. ಈ ಸಾಹೇಬ ಮಾತ್ರ ಕೆಸರಲ್ಲಿ ನಾಟಿ ಮಾಡಿದ ಸಸಿಯ ಹಾಗೆ, ಸೊಂಟದ ಮೇಲಷ್ಟೇ. ಹಾಗಾದರೆ ಕೆಳಗೆ ಏನು ಉಟ್ಟಿರುತ್ತಾನೆ?

ಹಿಂದಿನ ದಿನ, ಅಂದರೆ ಶನಿವಾರ ಸಂಜೆ, ಅದು ಬಾಯಿಗೆ ಬಂದುಬಿಟ್ಟಿತ್ತು.

"ಇದೇನ್ ಕೇಳ್ತಿಯಲೇ? ಪ್ಯಾಂಟು ಹಾಕಿರ್ತಾನ" ಎಂದ ಜಡೆಪ್ಪ.

"ನೀ ಕಂಡೀಯೇನು? ಆ ದೊಡ್ಡ ದೊಡ್ಡ ಲೈಟಿನ ಕೆಳಗ ಕೋಟು ಹಾಕ್ಕೊಂಡು ಕುಂದ್ರೋ ಮನಷ್ಯ, ಸೆಕಿಗೆ ಕೆಳಗ ಪಂಚಿನ ಉಟ್ಟಿರ್ತಾನ. ನನ್ನ ಮದುವಿ ಫೋಟೋ ನೋಡೀಯಿಲ್ಲ? ಮ್ಯಾಲ ಸ್ಟುಡಿಯೋದವ್ರ ಕೋಟು, ಟೈ. ಕೆಳಗ ಪಂಚಿ. ಫೋಟೋದಾಗ ತಹಶೀಲ್ದಾರ ಕಂಡಂಗ ಕಾಣ್ತೀನಿ."

"ಕಳ್ಳ ತಹಶೀಲ್ದಾರ" ಎಂದಳು ಮೂಲೆಯಲ್ಲಿ ಕೂತಿದ್ದ ಮುದುಕಿ ಜಂಬವ್ವ. ಮನೆ ತುಂಬ ನಗು.

ಅಷ್ಟರಲ್ಲಿ ಕ್ಷೌರದಂಗಡಿಯ ಪಕೀರಪ್ಪ ಓಡಿಬಂದ. ಸಿನಿಮಾದವರು, ಆಟಗಾರರು, ಟಿವಿಯವರು, ಯಾರ ಮನೆಯಲ್ಲಿ ಏನು ಪಲ್ಯ ಎಂಬುದೂ ಅವನಿಗೆ ವಾರಪತ್ರಿಕೆಗಳಿಂದ ಗೊತ್ತು. ಅವನ ಹಿಂದೆಯೇ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೊಬ್ಬ ಸೋಪಿನ ಮುಖದಲ್ಲೇ ಬಂದ.

"ನಾಳಿ ಮಧ್ಯಾನ ಪ್ರಶ್ನೆ ಸಾಹೇಬ ಹಂಪಿ ಬಜಾರಿಗೆ ಬರ್ತಾನಂತರಿ! ಕಲ್ಲಿನ ಮಂಟಪದಾಗ ಕುಂತು ಪ್ರಶ್ನೆ ಕೇಳ್ತಾನಂತ!"

ಇನ್ನೇನು ಬೇಕು? ಪಂಥ ಕಟ್ಟಿಯೇಬಿಟ್ಟರು. ಇಬ್ಬರ ಗದ್ದೆಗೂ ಒಂದೇ ತೂಬಿನ ಕಾಲುವೆ ನೀರು; ವಾರದಲ್ಲಿ ಸೋಮವಾರ ಉಜ್ಜಿನಪ್ಪನ ಸರದಿ, ಮಂಗಳವಾರ ಜಡೆಪ್ಪನದು. ಪ್ಯಾಂಟಾದರೆ ಸೋಮವಾರದ ನೀರು ಜಡೆಪ್ಪನಿಗೆ, ಪಂಚೆಯಾದರೆ ಮಂಗಳವಾರದ ನೀರು ಉಜ್ಜಿನಪ್ಪನಿಗೆ. ತೂಬು ತೆಗೆದು ಮುಚ್ಚುವ ನೀರಗಂಟಿ ಮೂಕಣ್ಣ ಅಲ್ಲೇ ಗೋಡೆಗೊರಗಿ ಕೂತಿದ್ದ. ಅವನೇ ಸಾಕ್ಷಿ. ಹೆಸರಿಗೆ ತಕ್ಕ ಹಾಗೆ ಆತ ಬರೀ ತಲೆ ಆಡಿಸಿದ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಭರಮಮ್ಮ ಮುದ್ದೆಯನ್ನು ತಟ್ಟೆಗೆ ಕುಕ್ಕಿದಳು. "ನಾಟಿ ಮಾಡಿದ ಗದ್ದಿ ಬಿರುಕು ಬಿಡಾಕತ್ತೈತಿ. ಈ ಸರದಿ ತಪ್ಪಿದ್ರ ಮುಂದಿನ ವಾರದ ತನಕ ನೀರಿಲ್ಲ. ಪೈರಿಗೆ ಏನ್ ನಿಮ್ಮ ಸಾಹೇಬನ ಪ್ರಶ್ನೆ ಕುಡಿಸ್ತೀರೇನು?"

"ಗೆದ್ದರ ಎರಡು ದಿನದ ನೀರು ಬರ್ತೈತಿ, ಹುಚ್ಚಿ."

"ನೀವು ಯಾವತ್ತರ ಪಂಥ ಗೆದ್ದೀರೇನ್ರಿ?"

ಗಾಳಿಪಟದ ಕಾಲದಿಂದ ಹಿಡಿದು ಅವನು ಗೆದ್ದ ಪಂಥ ಒಂದೂ ಇರಲಿಲ್ಲ.

ಭಾನುವಾರ ಎಲೆ ಕೊಯ್ಯಲು ಬರುವಾಗಲೇ, ಸಾಹೇಬನ ಮುಂದೆ ಹೋಗಬೇಕೆಂದು ಯುಗಾದಿಗೆ ತಂದ ಪಂಚೆಯನ್ನೇ ಉಟ್ಟಿದ್ದ. ಬಾಳೆಯ ಸೊನೆ ಅದನ್ನೂ ಬಿಡಲಿಲ್ಲ, ತೊಡೆಯ ಹತ್ತಿರ ಕಪ್ಪೆ ಕೂತ ಹಾಗೆ ಕರೀ ಕಲೆ ಮಾಡಿತು. ಆ ಕಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ಗೋಣಿಚೀಲ ಸುತ್ತಿದ ಎಲೆಯ ಹೊರೆ, ಸಾಹೇಬನಿಗೆಂದು ಒಂದು ಚಿಪ್ಪು ಹಣ್ಣು, ಎರಡನ್ನೂ ಸೈಕಲ್ಲಿಗೆ ಬಿಗಿದು ಹೊರಟ.

ಖಾನಾವಳಿಗೆ ಹೋಗುವ ದಾರಿಯಲ್ಲೇ ಮಂಟಪ. ಅಲ್ಲೊಂದು ಮೇಜು. ಮೇಜಿಗೆ ನೆಲ ಮುಟ್ಟುವ ನೀಲಿ ಬಟ್ಟೆ. ಅದರ ಹಿಂದೆ ಸಾಕ್ಷಾತ್ ಪ್ರಶ್ನೆ ಸಾಹೇಬ, ಕೈಯಲ್ಲಿ ಕಾಫಿ ಲೋಟ! ಟೊಪ್ಪಿಗೆಯವನೊಬ್ಬ ಉಜ್ಜಿನಪ್ಪನನ್ನು ನೋಡಿ, "ಅಲಂಕಾರದ ಎಲೆನಾ? ಬೇಗ ಬೇಗ ಕಂಬಕ್ಕೆ ಕಟ್ರೀ" ಎಂದು ಹೇಳಿ, ಕೆಟ್ಟುನಿಂತ ಜನರೇಟರಿನ ಕಡೆ ಓಡಿದ. ಉಳಿದವರೂ ಅತ್ತಲೇ ಇದ್ದರು.

ಉಜ್ಜಿನಪ್ಪ ಹಣ್ಣಿನ ಚಿಪ್ಪು ಕೊಟ್ಟು ಕೈಮುಗಿದ. ಸಾಹೇಬ ನಕ್ಕು, ಅದನ್ನು ಮೇಜಿನ ಕೆಳಗಿಟ್ಟುಕೊಂಡ. ಮೇಜಿನ ಕೆಳಗೆ! ಉಜ್ಜಿನಪ್ಪ ಒಂದು ಎಲೆಯನ್ನು ಬೇಕೆಂದೇ ಜಾರಿಸಿದ, ಎತ್ತಿಕೊಳ್ಳುವವನ ಹಾಗೆ ಬಗ್ಗಿದ, ನೀಲಿ ಬಟ್ಟೆಯ ಅಂಚು ಎತ್ತಿ ತಲೆ ತೂರಿಸಿದ.

ಕರೀ ಪ್ಯಾಂಟು. ಗೆರೆ ಮುರಿಯದ ಇಸ್ತ್ರಿ. ಒಂದು ಬೂಟು ಬಿಚ್ಚಿಟ್ಟು ಸಾಹೇಬ ಹೆಬ್ಬೆರಳಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದ.

ಉಜ್ಜಿನಪ್ಪನ ಕಣ್ಣ ಮುಂದೆ ಗದ್ದೆಯ ಬಿರುಕು ಬಂದು ನಿಂತಿತು. ತಲೆ ಎಲ್ಲಿದೆ ಎಂಬುದನ್ನು ಮರೆತು ಥಟ್ಟನೆ ಎದ್ದ. ತಲೆ ಮೇಜಿಗೆ ಬಡಿಯಿತು, ಮೇಜು ಲೋಟಕ್ಕೆ ಬಡಿಯಿತು, ಬಿಸಿ ಕಾಫಿ ಸಾಹೇಬನ ತೊಡೆಯ ಮೇಲೆ ಕಾಲುವೆ ಒಡೆದ ಹಾಗೆ ಹರಿಯಿತು.

"ಅಯ್ಯಯ್ಯೋ!" ಸಾಹೇಬ ಕುಣಿದ. "ಯಾರ್ರೀ ನೀವು? ಕೆಳಗೇನ್ರೀ ಮಾಡ್ತಿದ್ರಿ?"

"ತಪ್ಪಾತ್ರಿ ಸಾಹೇಬ್ರ, ಎಲಿ ಬಿದ್ದಿತ್ತು…"

"ಬಟ್ಟೆಯೆಲ್ಲ ಹೊಸಪೇಟೆ ಲಾಡ್ಜಿನಲ್ಲಿದೆ. ಬೆಳಕು ಹೋಗೋದ್ರೊಳಗೆ ಮುಗಿಸ್ಬೇಕು. ಒದ್ದೆ ಪ್ಯಾಂಟಲ್ಲಿ ಹೇಗ್ರೀ ಕೂರ್ಲಿ, ಉರೀತಿದೆ!" ಎಂದವನ ಕಣ್ಣು ಉಜ್ಜಿನಪ್ಪನ ಸೊಂಟದ ಮೇಲೆ ನಿಂತಿತು. "ನಿಮ್ಮ ಪಂಚೆ ಕೊಡಿ. ಹೇಗೂ ಮೇಲಷ್ಟೇ ಕಾಣೋದು. ಬೆಂಗಳೂರಿಗೆ ಹೋದ ತಕ್ಷಣ ಪಾರ್ಸಲ್ ಮಾಡಿ ಕಳಿಸ್ತೀನಿ. ವಿಳಾಸ ಹೇಳಿ."

"ಉಜ್ಜಿನಪ್ಪ, ಬಾಳಿ ತ್ವಾಟ, ಮಲಪನಗುಡಿ ಅಂದ್ರ ಬರ್ತೈತ್ರಿ" ಎನ್ನುತ್ತ ಆತ ಕಂಬದ ಮರೆಗೆ ಹೋಗಿ ಪಂಚೆ ಬಿಚ್ಚಿಕೊಟ್ಟ. ಉಳಿದದ್ದು ಪಟ್ಟಾಪಟ್ಟಿ ಚಡ್ಡಿ. ಎರಡು ಎಲೆ ಹಿಂದೆ, ಎರಡು ಎಲೆ ಮುಂದೆ ಹಿಡಿದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತ. ದೂರದಿಂದ ನೋಡಿದವರಿಗೆ ಕಂಬಕ್ಕೆ ಬಾಳೆಗಿಡ ಕಟ್ಟಿದ ಹಾಗೆ ಕಾಣುತ್ತಿತ್ತು.

ಅಷ್ಟು ಹೊತ್ತಿಗೆ ಜಡೆಪ್ಪನ ಟ್ರಾಕ್ಟರು ಇಡೀ ಓಣಿಯನ್ನೇ ಹೇರಿಕೊಂಡು ಬಂತು. ಜನರೇಟರು ಗುಡುಗಿತು. ಪ್ರಶ್ನೆಗಳು ಶುರುವಾದವು. ಹಗ್ಗದ ಆಚೆಯಿಂದ ಜಡೆಪ್ಪ ಕೂಗುತ್ತಿದ್ದ. "ಉಜ್ಜಿನಪ್ಪ ಎಲ್ಲಿಗೆ ಹೋದ್ನಲೇ? ಸಾಹೇಬ ಎದ್ದು ನಿಲ್ಲೋ ಹೊತ್ತಿಗೆ ಇರಬೇಕವ!"

"ಸೋಲ್ತೀನಂತ ಹೊಳಿಗೆ ಹೋಗಿ ಕುಂತಾನೇಳು" ಎಂದಳು ಜಂಬವ್ವ.

ಕಂಬದ ಮರೆಯಲ್ಲಿ ಉಜ್ಜಿನಪ್ಪ ಎಲೆಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಕಬಡ್ಡಿಯಲ್ಲಿ ಒಂದು ತಂಡಕ್ಕೆ ಅಂಗಳದಲ್ಲಿ ಎಷ್ಟು ಜನ ಆಟಗಾರರು?" ಎಂದು ಸಾಹೇಬ ಕೇಳುತ್ತಿದ್ದಾಗಲೇ ಮಂಟಪದ ಮಾಡಿನಿಂದ ಒಂದು ಗಡವ ಮಂಗ ಇಳಿಯಿತು. ಹಂಪಿಯ ಮಂಗಕ್ಕೆ ಹಣ್ಣು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ನೇರ ಮೇಜಿನ ಬುಡಕ್ಕೆ ಬಂತು, ಅಂಚು ಹಿಡಿಯಿತು, ಜಗ್ಗಿತು. ಉಜ್ಜಿನಪ್ಪ ಇಷ್ಟು ದಿನ ಹಂಬಲಿಸಿದ್ದನ್ನು ಅದು ಇಡೀ ಬಜಾರಿನ ಮುಂದೆ ಮಾಡಿ ತೋರಿಸಿತು. ನೀಲಿ ಬಟ್ಟೆ ಅತ್ತ ಹೋಯಿತು. ಸಾಹೇಬ "ಅಮ್ಮಾ!" ಎಂದು ಕುರ್ಚಿಯ ಮೇಲೆ ಹತ್ತಿ ನಿಂತ. ಮೇಲೆ ಕೋಟು, ಟೈ. ಕೆಳಗೆ ಮೊಣಕಾಲಿನ ತನಕ ಎತ್ತಿ ಹಿಡಿದ ಬಿಳೀ ಪಂಚೆ.

ಪಕೀರಪ್ಪ ಕಿರುಚಿದ. "ಪಂಚಿ! ಪಂಚಿನಲೇ! ಉಜ್ಜಿನಪ್ಪ ಗೆದ್ದ!"

ಗೆದ್ದವನು ಬಾಯಿ ತೆರೆದ. ಎದ್ದು, 'ಇಲ್ಲ, ಪ್ಯಾಂಟಿತ್ತು, ನಾ ಕಣ್ಣಾರ ಕಂಡೀನಿ' ಎಂದುಬಿಡಬೇಕು ಅನಿಸಿತು. ಆದರೆ ಏಳುವುದಾದರೆ ಚಡ್ಡಿಯಲ್ಲೇ ಏಳಬೇಕು. ಮೇಲಾಗಿ ಗದ್ದೆ ನೆನಪಾಯಿತು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಮಂಗ ಹಣ್ಣು ಹಿಡಿದು ಓಡಿತು, ಜನ ಮಂಗನ ಹಿಂದೆ ಹೋದರು, ಸಾಹೇಬ ಕಾರು ಹತ್ತಿ ಪಂಚೆ ಸಮೇತ ಹೊರಟೇಹೋದ. ಉಜ್ಜಿನಪ್ಪ ಎಲೆಯ ಮೇಲೆ ಸುತ್ತಿದ್ದ ಗೋಣಿಚೀಲವನ್ನು ಸೊಂಟಕ್ಕೆ ಬಿಗಿದುಕೊಂಡು ಖಾನಾವಳಿಗೆ ಎಲೆ ಹಾಕಿ, ಕಾಲುವೆ ಏರಿಯ ದಾರಿ ಹಿಡಿದ. ಗೋಣಿ ಚುಚ್ಚುತ್ತಿತ್ತು. ಚುಚ್ಚಿದರೂ ಬಾಯಲ್ಲಿ ಒಂದು ಸೀಟಿ ಇತ್ತು. ಹುಟ್ಟಿದ ಮೇಲೆ ಗೆದ್ದ ಮೊದಲ ಪಂಥ!

ತೂಬಿನ ಹತ್ತಿರ ಎಲ್ಲರೂ ಅವನಿಗಾಗಿ ಕಾದಿದ್ದರು. ಜಡೆಪ್ಪ, ಅವನ ಹೆಂಡತಿ ತಾಯಕ್ಕ, ಭರಮಮ್ಮ, ಹಾರೆ ಹಿಡಿದ ಮೂಕಣ್ಣ.

"ಬಾರಲೇ ತಹಶೀಲ್ದಾರ" ಎಂದ ಜಡೆಪ್ಪ. "ಮಾತಂದ್ರ ಮಾತು. ಮಂಗಳವಾರದ ನೀರು ನಿಂದು. ಅಲ್ಲಲೇ, ಆ ಸಾಹೇಬಗೂ ಬಾಳಿ ತ್ವಾಟ ಐತೇನು? ಪಂಚಿ ಮ್ಯಾಲ ನಮ್ಮಂಗ ಕರೀ ಕಲಿ ಇತ್ತು, ಥೇಟ್ ಕಪ್ಪಿ ಕುಂತಂಗ."

"ಇರಬೇಕು" ಎಂದ ಉಜ್ಜಿನಪ್ಪ, ಕಾಲುವೆ ನೀರನ್ನು ನೋಡುತ್ತ.

ಭರಮಮ್ಮ ಗಂಡನ ಗೋಣಿಚೀಲವನ್ನು ನೋಡಿದಳು. ಹಣೆ ಮುಟ್ಟಿಕೊಂಡಳು. "ಗೆದ್ದಿರೇನ್ರಿ? ಖರೇನ ಗೆದ್ದಿರಾ?"

"ಊರೆಲ್ಲ ನೋಡೈತಿ, ಬೇಕಾದ್ರ ಕೇಳು."

"ಅಯ್ಯೋ ನನ್ನ ಕರ್ಮ" ಎಂದು ಆಕೆ ಏರಿಯ ಮೇಲೆ ಕುಸಿದಳು. "ಇದೊಂದು ಸರತಿ ನಿಮ್ಮ ಚಾಳಿ ಬಿಡಬೇಕಿತ್ತಾ?"

ಉಜ್ಜಿನಪ್ಪ, ಜಡೆಪ್ಪ ಇಬ್ಬರಿಗೂ ಅರ್ಥವಾಗಲಿಲ್ಲ. ಆಗ ಮೂಕಣ್ಣ ಹಾರೆ ನೆಲಕ್ಕೂರಿ, ವರ್ಷಕ್ಕೆ ಒಮ್ಮೆ ಬಾಯಿ ತೆರೆಯುವವನ ಹಾಗೆ ತೆರೆದ.

"ಮುಂಜಾಲಿ ನೀ ಎಲಿ ಕೊಯ್ಯುವಾಗ ಭರಮಕ್ಕ, ತಾಯಕ್ಕ ಇಬ್ಬರೂ ಬಂದಿದ್ರಪ್ಪ. ಸರದಿ ಅದಲು ಬದಲು ಮಾಡ್ಕೊಂಡ್ರು. ಸೋಮವಾರ ತಾಯಕ್ಕಂದು, ಮಂಗಳವಾರ ನಿಮ್ಮದು. ಇಬ್ಬರೂ ಒಪ್ಪಿದ ಮ್ಯಾಲ ಅದಾ ಖಾಯಂ."

"ನಮಗ ಸೋಮವಾರ ನಾಟಿಗೆ ಆಳು ಬರೋರದಾರ. ಕೇಳಿದ್ಲು, ಹೂಂ ಅಂದೆ" ಎಂದಳು ತಾಯಕ್ಕ.

"ನೀವು ಸೋಲೋದು ಗ್ಯಾರಂಟಿ ಅಂತ ಮಾಡಿದೆ" ಎಂದಳು ಭರಮಮ್ಮ. "ಸೋತಿದ್ರ ಸೋಮವಾರದ ನೀರು ಹೋಗ್ತಿತ್ತು. ಅದು ಹೆಂಗೂ ಅವರದ್ದ ಆಗಿತ್ತು. ನಮ್ಮ ಮಂಗಳವಾರ ನಮಗ ಉಳೀತಿತ್ತು. ನೀವು ಗೆದ್ದು ಬಂದು…"

ಜಡೆಪ್ಪ ಮೊದಲು ಬೆರಳು ಮಡಿಚಿ ಲೆಕ್ಕ ಹಾಕಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ನೀರನ್ನ ನೀನ ಗೆದ್ದೀಯಲ್ಲಲೇ! ತಗೋ ತಗೋ, ಮಂಗಳವಾರ ನಿಂದ. ನಾ ಮಾತಿಗೆ ತಪ್ಪೋದಿಲ್ಲ."

ಸೋಮವಾರ ಕಾಲುವೆ ನೀರು ಉಜ್ಜಿನಪ್ಪನ ಬಿರುಕುಬಿಟ್ಟ ಗದ್ದೆಯ ಪಕ್ಕದಲ್ಲೇ ಹಾದು ಜಡೆಪ್ಪನ ಗದ್ದೆಗೆ ಹೋಯಿತು. ಉಜ್ಜಿನಪ್ಪ ಬದುವಿನ ಮೇಲೆ ಕೂತು ಅದು ಹೋಗುವುದನ್ನೇ ನೋಡಿದ. ಮಂಗಳವಾರ ಅವನಿಗೂ ಬಂತು. ಪೈರು ಒಣಗಲಿಲ್ಲ. ಪಂಚೆ ಮಾತ್ರ ಬರಲಿಲ್ಲ. ಗಣೇಶನ ಹಬ್ಬ ಹೋಯಿತು, ದಸರೆ ಹೋಯಿತು. ಅಂಚೆಯವನು ಓಣಿಗೆ ಬಂದಾಗಲೆಲ್ಲ ಉಜ್ಜಿನಪ್ಪ ಬಾಗಿಲಿಗೆ ಬರುತ್ತಿದ್ದ, ಬಂದ ದಾರಿಯಲ್ಲೇ ಒಳಗೆ ಹೋಗುತ್ತಿದ್ದ.

ಈಗಲೂ ಶನಿವಾರ ಸಂಜೆ ಎಲ್ಲರೂ ಸಾಹೇಬನ ಮುಖ ನೋಡುತ್ತಿದ್ದರೆ ಉಜ್ಜಿನಪ್ಪ ಟಿವಿಯ ಬುಡಕ್ಕೆ ಸರಿದು, ಕತ್ತು ವಾರೆ ಮಾಡಿ ಮೇಜಿನ ಅಂಚನ್ನೇ ನೋಡುತ್ತಾನೆ.

"ಇನ್ನೂ ಏನ್ ನೋಡ್ತಿಯಲೇ? ಗೆದ್ದಾತಲ್ಲ" ಎನ್ನುತ್ತಾನೆ ಜಡೆಪ್ಪ.

ಉಜ್ಜಿನಪ್ಪ ಕತ್ತನ್ನು ಇನ್ನಷ್ಟು ವಾರೆ ಮಾಡುತ್ತಾನೆ. ಹಿಂದಿನಿಂದ ಭರಮಮ್ಮ ಮೆಲ್ಲಗೆ ಕೇಳುತ್ತಾಳೆ:

"ಕಪ್ಪಿ ಕಾಣಸ್ತೇನ್ರಿ?"